ನಲ್ಲಿಭಾವನ ಬಿಳಿ ಏಪ್ರನ್

ಗುಟ್ಟು ಕಾಪಾಡುವ ವಿಷಯದಲ್ಲಿ ನಲ್ಲಿಭಾವ ಬಹಳ ಗಟ್ಟಿ ಮನುಷ್ಯ. ಅವನ ದುರದೃಷ್ಟವೆಂದರೆ, ತಲೆಗೂದಲು ಅರ್ಧ ನರೆತರೂ ಕಾಪಾಡಿಕೋ ಎಂದು ಅವನ ಕೈಗೆ ಒಂದೇ ಒಂದು ಗುಟ್ಟನ್ನು ಯಾರೂ ಕೊಟ್ಟಿರಲಿಲ್ಲ. ಹೆಂಡತಿ ಕೊಡುವಂತಿರಲಿಲ್ಲ, ಅವಳ ಬಳಿಗೆ ಬಂದ ಗುಟ್ಟು ಸಂಜೆಯೊಳಗೆ ಎದುರುಮನೆ ತಲುಪಿರುತ್ತಿತ್ತು. ಅಂಗಡಿಯ ಮಾಲೀಕರು ಕೊಡುವಂತಿರಲಿಲ್ಲ. ಗುಟ್ಟು ಹಾಗಿರಲಿ, ಅವರು ಅವನಿಗೆ ಮುಖ ಕೊಟ್ಟು ಮಾತಾಡಿದವರೇ ಅಲ್ಲ.

ಅಂಗಡಿ ಸ್ನಾನದಮನೆ ಸಾಮಾನಿನದು. ನೆಲಮಹಡಿಯಲ್ಲಿ ಟೈಲ್ಸು, ಅದರ ಮೇಲೆ ಬೇಸಿನ್ನು ಕಮೋಡು, ಎಲ್ಲಕ್ಕಿಂತ ಮೇಲೆ ನಲ್ಲಿ. ಅಲ್ಲಿ ಗೋಡೆ ತುಂಬ ಥಳಥಳಿಸುವ ನಲ್ಲಿಗಳು, ಒಂದರಲ್ಲೂ ನೀರಿಲ್ಲ. ಅವುಗಳ ನಡುವೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತುಕೊಂಡು, ಬಂದವರಿಗೆಲ್ಲ ನೀರು ಹೇಗೆ ಧುಮ್ಮಿಕ್ಕುತ್ತದೆ ಎಂದು ಬಾಯಲ್ಲೇ ತೋರಿಸುವುದು ಅವನ ಕೆಲಸ. ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ ಅವನ ಭಾಮೈದ, ಅಂದರೆ ಹೆಂಡತಿಯ ತಮ್ಮ, ತಮಾಷೆಗೆ ಒಮ್ಮೆ ‘ನಲ್ಲಿಭಾವ’ ಎಂದು ಕರೆದಿದ್ದ. ಅದು ಬೀದಿಯ ತುಂಬ ಹಬ್ಬಿ, ಈಗ ಹಾಲಿನವನಿಗೂ ಇಸ್ತ್ರಿಯವನಿಗೂ ಅವನು ಭಾವನೇ ಆಗಿದ್ದ.

ಹೀಗಿರುವಾಗ ಮಾಲೀಕರು ಪೇಟೆಯ ಇನ್ನೊಂದು ತುದಿಯಲ್ಲಿ ಹೊಸ ಅಂಗಡಿ ತೆರೆಯುತ್ತಾರೆ, ಅದಕ್ಕೊಬ್ಬ ಮ್ಯಾನೇಜರು ಬೇಕು ಎಂಬ ಸುದ್ದಿ ಹುಟ್ಟಿತು. ಮ್ಯಾನೇಜರಿಗೆ ಗಾಜಿನ ಕೋಣೆಯಂತೆ, ತಿರುಗುವ ಕುರ್ಚಿಯಂತೆ. ನಲ್ಲಿಭಾವನಿಗೆ ಕುರ್ಚಿ ತಿರುಗದಿದ್ದರೂ ಚಿಂತೆಯಿರಲಿಲ್ಲ, ಕೂರಲು ಸಿಕ್ಕರೆ ಸಾಕಿತ್ತು. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬ ಅವನೇ. ಆದರೆ ಮಾಲೀಕರಿಗೆ ಅವನ ಪರಿಚಯ ಆಗಬೇಕಲ್ಲ! ಮೆಟ್ಟಿಲಲ್ಲಿ ಎದುರಾದಾಗ ನಮಸ್ಕಾರ ಹೇಳಿದರೆ ಅವರು ಅವನ ಹಿಂದಿನ ಗೋಡೆಗೆ ತಲೆಯಾಡಿಸಿ ಇಳಿದು ಹೋಗುತ್ತಿದ್ದರು. ಅವರ ಮುಖಕ್ಕಿಂತ ನಲ್ಲಿಭಾವನಿಗೆ ಚೆನ್ನಾಗಿ ಗೊತ್ತಿದ್ದದ್ದು ಅವರ ಉಂಗುರ. ಅದರ ಮೇಲೆ ಒಂದು ಕೈವಾರ, ಒಂದು ಮೂಲೆಮಟ್ಟ, ಒಂದಕ್ಕೊಂದು ಕತ್ತರಿ ಹಾಕಿಕೊಂಡ ಹಾಗೆ ಕೆತ್ತಿತ್ತು.

ದವಡೆಯ ಹಲ್ಲು ಕೀಳಿಸಲು ಹೋದ ದಿನ ಅದೇ ಉಂಗುರ ಅವನಿಗೆ ಇನ್ನೊಮ್ಮೆ ಕಂಡಿತು. ಹಲ್ಲಿನ ಡಾಕ್ಟರು ಕೈಗವಸು ತೊಡುವ ಮೊದಲು ಬೆರಳಿಂದ ಅದನ್ನು ಬಿಚ್ಚಿ ತಟ್ಟೆಯಲ್ಲಿಟ್ಟರು. ಹಲ್ಲು ಬಂದ ಕೂಡಲೇ, ಅರ್ಧ ತುಟಿ ಮರಗಟ್ಟಿದ್ದರೂ ಲೆಕ್ಕಿಸದೆ, ಜೊಲ್ಲು ಒರೆಸಿಕೊಳ್ಳುತ್ತ ಅವನು ಉಂಗುರದ ಕಡೆಗೆ ಕೈ ತೋರಿಸಿದ.

“ಇದಾ? ನಾನು ಫ್ರೀಮೇಸನ್” ಎಂದರು ಡಾಕ್ಟರು. “ಹಳೇ ಕಾಲದ ಕಲ್ಲುಕುಟಿಗರ ಸಂಘದಿಂದ ಬಂದದ್ದು. ಈಗ ಯಾರೂ ಕಲ್ಲು ಕಡಿಯಲ್ಲ, ಒಬ್ಬರಿಗೊಬ್ಬರು ಸಹೋದರರು ಅಂತ ನಡ್ಕೊಳ್ತೀವಿ. ಅಲ್ಲಿ ದೊಡ್ಡವ್ನು ಚಿಕ್ಕವ್ನು ಅಂತಿಲ್ಲ. ದಾನ, ಸತ್ಯ, ಸೋದರಭಾವ, ಇಷ್ಟೇ.”

“ಎಲ್ಲಾರೂ ಸಹೋದರರಾ ಸಾರ್? ಮಾಲೀಕರೂ?”

“ರಾಜನಾದ್ರೂ ಲಾಡ್ಜಿನೊಳಗೆ, ಅಂದ್ರೆ ನಮ್ಮ ಸಂಘದ ಮನೆಯೊಳಗೆ, ಬ್ರದರ್ ಅಂತಲೇ ಕರೀಬೇಕು. ಆದ್ರೆ ನಾವಾಗಿ ಯಾರನ್ನೂ ಸೇರಿ ಅಂತ ಕರೆಯೋ ಹಾಗಿಲ್ಲ. ಅವರಾಗಿ ಕೇಳ್ಕೊಂಡು ಬರಬೇಕು.”

ನಲ್ಲಿಭಾವ ಬಾಯೊಳಗಿನ ಹತ್ತಿಯ ಸಮೇತ ಅಲ್ಲೇ ಕೇಳಿಕೊಂಡ.

ಅವನನ್ನು ನೋಡಲು ಕೋಟು ತೊಟ್ಟ ಹಿರಿಯರು ಸೇರಿದರು. ದೇವರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರು. ವ್ಯಾಪಾರದ ಅಭ್ಯಾಸದಲ್ಲಿ ಇವನು “ಇದೆ ಸಾರ್, ಯಾವ ದೇವರು ಬೇಕಾಗಿತ್ತು?” ಎಂದ. ಯಾವುದಾದರೂ ಸರಿ, ಮೇಲೊಬ್ಬನಿದ್ದಾನೆ ಎಂದರೆ ಸಾಕು ಎಂದರು. “ಸ್ವಂತ ಲಾಭಕ್ಕೋಸ್ಕರ ಬರ್ತಾ ಇಲ್ಲ ತಾನೆ?” ಎಂಬುದು ಮುಂದಿನ ಪ್ರಶ್ನೆ. “ಛೆ ಛೆ!” ಎಂದ ನಲ್ಲಿಭಾವ, ಆಗ ತಾನೇ ನಂಬುತ್ತೇನೆಂದು ಹೇಳಿದ ಆ ಮೇಲಿನವನ ಎದುರಿಗೇ.

ಅಂತೂ ಸೇರಿಸಿಕೊಂಡರು. ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಕಾಲಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ ಒಳಗೆ ಕರೆದೊಯ್ದರು. ನೀರು ನಿಂತ ಬಚ್ಚಲುಗಳನ್ನು ಬೇಕಾದಷ್ಟು ನೋಡಿದ್ದ ಅವನಿಗೆ ಪ್ಯಾಂಟು ಮಡಿಸುವುದು ಹೊಸದಲ್ಲ. ಕೊನೆಗೆ ಕುರಿಮರಿಯ ಚರ್ಮದ ಪುಟ್ಟ ಬಿಳಿ ಏಪ್ರನ್ನೊಂದನ್ನು ಸೊಂಟಕ್ಕೆ ಕಟ್ಟಿ, “ನೀವಿನ್ನೂ ಒರಟು ಕಲ್ಲು, ನಯವಾಗಬೇಕು” ಎಂದು ಹರಸಿದರು. ಗುಟ್ಟಾಗಿಡಬೇಕಾದದ್ದು ಇಷ್ಟೇ ಎಂದು ಡಾಕ್ಟರು ಬಿಡಿಸಿ ಹೇಳಿದರು: ಒಂದು ಕೈಕುಲುಕುವ ರೀತಿ, ಒಂದು ಸನ್ನೆ, ಒಂದು ಪದ.

ಇಲ್ಲಿಯೇ ನಲ್ಲಿಭಾವನ ವೃತ್ತಿಬುದ್ಧಿ ಅಡ್ಡ ಬಂತು. ನಲ್ಲಿ ಕೂರಿಸುವವರು ತಿರುಪಿಗೆ ಬಿಳಿ ಟೇಪು ಸುತ್ತುತ್ತಾರಲ್ಲ, ಸೋರದಿರಲಿ ಎಂದು. ಅದನ್ನು ಅವನು ಯಾವಾಗಲೂ ಒಂದು ಸುತ್ತು ಹೆಚ್ಚಿಗೆ ಸುತ್ತಿಸುತ್ತಿದ್ದ. ಗುಟ್ಟಿಗೂ ಹಾಗೇ ಮಾಡಿದ. ಪದ ಗುಟ್ಟಾದರೆ ಸಂಘವೂ ಗುಟ್ಟಾಗಿರಲಿ, ಸಂಘ ಗುಟ್ಟಾದರೆ ತಾನು ಅದರಲ್ಲಿರುವುದೂ ಗುಟ್ಟಾಗಿರಲಿ, ಏಪ್ರನ್ನು ಹಾಸಿಗೆಯಡಿಯಲ್ಲಿರಲಿ ಎಂದು ತೀರ್ಮಾನಿಸಿದ. ಟೇಪು ಅತಿಯಾದರೆ ನಲ್ಲಿ ಸೋರುವುದಿಲ್ಲ ನಿಜ, ಆದರೆ ಕೆಲವೊಮ್ಮೆ ಪೈಪೇ ಸೀಳಿಬಿಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ಹಾಸಿಗೆಯಡಿಯ ಏಪ್ರನ್ನು ಹೆಂಡತಿಗೆ ಸಿಕ್ಕಿತು. ಅದರ ಜೊತೆ ಒಂದು ಜೊತೆ ಬಿಳಿ ಕೈಗವಸು. ಅವಳು ಎರಡನ್ನೂ ಎದುರುಮನೆಯ ಹೊಲಿಗೆಯಾಕೆಯ ಮುಂದೆ ಹರಡಿದಳು. ಹೊಲಿಗೆಯಾಕೆ ಕನ್ನಡಕ ಏರಿಸಿ ಅಂಚು ಪರೀಕ್ಷಿಸಿದಳು.

“ಚರ್ಮ ಒಳ್ಳೇದು. ಕೈಗವಸೂ ಇದೆ. ಸಂಜೆ ಕರಿ ಕೋಟು ಹಾಕ್ಕೊಂಡು ಹೋಗ್ತಾರೆ ಅಂದೆ ಅಲ್ವಾ?”

“ಹೂಂ. ಬಂದಾಗ ಊಟ ಬೇಡ, ಹೊಟ್ಟೆ ತುಂಬಿದೆ ಅಂತಾರೆ. ಎಲ್ಲಿಗೆ ಹೋಗಿದ್ರಿ ಅಂದ್ರೆ ಬಾಯಿ ಬಿಡಲ್ಲ.”

“ಇನ್ನೇನಮ್ಮಾ ಕೇಳೋದು! ದೊಡ್ಡವರ ಔತಣಕೂಟದಲ್ಲಿ ಬಡಿಸೋಕೆ ಹೋಗ್ತಿದ್ದಾರೆ ನಿನ್ನ ಗಂಡ.”

ಹೆಂಡತಿಗೆ ಅಳು ಬಂತು. ಹಗಲೆಲ್ಲ ನಲ್ಲಿಯ ಮುಂದೆ ನಿಂತ ಮನುಷ್ಯ ಸಂಜೆ ಇನ್ನೊಬ್ಬರ ಎಂಜಲು ತಟ್ಟೆ ಎತ್ತುತ್ತಿದ್ದಾನೆ, ಅದನ್ನು ಮನೆಯವರಿಗೆ ಹೇಳಲು ನಾಚುತ್ತಿದ್ದಾನೆ ಎಂದರೆ ಯಾವ ಹೆಂಡತಿಯ ಕರುಳು ಚುರ್‍ ಎನ್ನುವುದಿಲ್ಲ? ವಿಷಯ ಅವಳ ತಾಯಿಗೆ ಹೋಯಿತು, ತಮ್ಮನಿಗೆ ಹೋಯಿತು. ಅವರ ಮರ್ಯಾದೆ ಉಳಿಸಬೇಕು, ಗೊತ್ತಿಲ್ಲದವರ ಹಾಗೆ ಇರಬೇಕು ಎಂದು ಎಲ್ಲರೂ ಮಾತಾಡಿಕೊಂಡರು.

ಅಂದಿನಿಂದ ಮನೆಯಲ್ಲಿ ನಲ್ಲಿಭಾವನಿಗೆ ಸಿಗತೊಡಗಿದ ಮರ್ಯಾದೆ ಮದುವೆಯ ವಾರದಲ್ಲೂ ಸಿಕ್ಕಿರಲಿಲ್ಲ. ಉಂಡ ತಟ್ಟೆಗೆ ಕೈ ಹಾಕಿದರೆ ಹೆಂಡತಿ, “ಬಿಡ್ರೀ, ನೀವು ಎತ್ತಬೇಡಿ, ಎತ್ತಿದ್ದು ಸಾಕು” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾಲಿಗೆ ಬಿಸಿನೀರು ಬರುತ್ತಿತ್ತು. ಸಂಘಕ್ಕೆ ಸೇರಿದ್ದರಿಂದ ತನ್ನ ಮುಖದಲ್ಲಿ ಏನೋ ಕಳೆ ಬಂದಿದೆ, ಅದನ್ನು ಕಂಡು ಇವರು ಬದಲಾಗಿದ್ದಾರೆ ಎಂದು ಅವನು ಕನ್ನಡಿಯಲ್ಲಿ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿಕೊಂಡ.

ಅತ್ತೆ ಬಂದವರು ಬಾಗಿಲ ಮರೆಯಿಂದ ಮೆಲ್ಲಗೆ, “ಒಂದೇ ಸಲಕ್ಕೆ ಜಾಸ್ತಿ ಹೊರೋಕೆ ಹೋಗಬೇಡಿ ಅಳಿಯಂದ್ರೆ. ಸೊಂಟ ಬಿದ್ದು ಹೋಗುತ್ತೆ” ಎಂದರು. ಅತ್ತೆಯವರಲ್ಲಿ ಇಷ್ಟು ವೇದಾಂತ ಇರುವುದು ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಎಂದು ನಲ್ಲಿಭಾವ ಬೆರಗಾದ.

ಭಾಮೈದ ಅವನನ್ನು ವರಾಂಡಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟ. “ಭಾವ, ಒಂದು ಮಾತು. ಲೋಕದಲ್ಲಿ ದೊಡ್ಡವ್ನು ಚಿಕ್ಕವ್ನು ಅಂತ ಯಾರೂ ಇಲ್ಲ. ಯಾವ ಕೆಲಸವೂ ಕೀಳಲ್ಲ.”

ನಲ್ಲಿಭಾವನಿಗೆ ಡಾಕ್ಟರ ಮಾತು ನೆನಪಾಯಿತು. ಇವನೂ ನಮ್ಮವನೇ! ಪರೀಕ್ಷಿಸಿಯೇ ಬಿಡೋಣವೆಂದು ಭಾಮೈದನ ಕೈ ಹಿಡಿದು, ಬೆರಳಿನ ಗೆಣ್ಣನ್ನು ಗುಟ್ಟಿನ ರೀತಿಯಲ್ಲಿ ಒತ್ತಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಭಾಮೈದ ಗಾಬರಿಯಾಗಿ ಒಳಗೆ ಹೋಗಿ ಅಕ್ಕನಿಗೆ, “ಟ್ರೇ ಹಿಡಿದೂ ಹಿಡಿದೂ ಭಾವನ ಬೆರಳು ಸೆಟೆದುಕೊಂಡಿದೆ ಕಣೇ, ಬಿಡಿಸೋಕೇ ಬರ್ತಿಲ್ಲ” ಎಂದು ವರದಿ ಒಪ್ಪಿಸಿದ.

ಇತ್ತ ನಲ್ಲಿಭಾವನಿಗೆ ತನ್ನದೇ ಚಿಂತೆ. ಮಾಲೀಕರು ಡಾಕ್ಟರ ಲಾಡ್ಜಿನವರಲ್ಲ, ಪೇಟೆಯ ಆಚೆ ಬದಿಯ ಲಾಡ್ಜಿನವರು ಎಂದು ತಿಳಿದಾಗ ಕೀಳಿಸಿಕೊಂಡ ಹಲ್ಲು ದಂಡವಾಯಿತೆಂದು ಅವನಿಗೆ ಅನಿಸಿತ್ತು. ಡಾಕ್ಟರು ಸಮಾಧಾನ ಹೇಳಿದರು. ಒಂದು ಲಾಡ್ಜಿನವರು ಇನ್ನೊಂದಕ್ಕೆ ಅತಿಥಿಯಾಗಿ ಹೋಗುವ ಪದ್ಧತಿ ಇದೆ. ಆದರೆ ಜೊತೆಯಲ್ಲಿ ಪರಿಚಯದವರೊಬ್ಬರು ನಿಂತು ‘ಇವನು ನಮ್ಮವನು’ ಎನ್ನಬೇಕು. ಇಲ್ಲವಾದರೆ ಬಾಗಿಲಲ್ಲೇ ಪರೀಕ್ಷೆ ಕೊಟ್ಟು ಒಳಗೆ ಹೋಗಬೇಕು. ಈ ಶನಿವಾರ ನಾನೇ ಬರುತ್ತೇನೆ ಎಂದು ಮಾತು ಕೊಟ್ಟರು.

ನಲ್ಲಿಭಾವ ಆ ದೃಶ್ಯವನ್ನು ನಲ್ಲಿಗಳ ಮುಂದೆ ನಿಂತು ಎಷ್ಟು ಸಲ ಕಲ್ಪಿಸಿಕೊಂಡನೋ. ಮಾಲೀಕರು ಎದ್ದು ನಿಲ್ಲುತ್ತಾರೆ. ‘ಬ್ರದರ್’ ಎನ್ನುತ್ತಾರೆ. ಎಲ್ಲರೆದುರು ಒಮ್ಮೆ ಬ್ರದರ್ ಎಂದ ಮೇಲೆ ಸೋಮವಾರ ಅವನನ್ನು ನಿಲ್ಲಿಸಿ ಇನ್ನೊಬ್ಬನನ್ನು ಗಾಜಿನ ಕೋಣೆಯಲ್ಲಿ ಹೇಗೆ ಕೂರಿಸಿಯಾರು?

ಶನಿವಾರ ಸಂಜೆ ಡಾಕ್ಟರಿಗೆ ಯಾರದೋ ಹಲ್ಲು ಅರ್ಧಕ್ಕೆ ಮುರಿದು ದವಡೆಯಲ್ಲೇ ಉಳಿಯಿತು. “ನೀವು ನಡೀರಿ, ನಾನು ಹಿಂದಿನಿಂದ ಬಂದೆ” ಎಂದು ಫೋನು ಮಾಡಿದರು. ನಲ್ಲಿಭಾವ ಕರಿ ಕೋಟು ತೊಟ್ಟು, ಏಪ್ರನ್ನು ಕೈಗವಸುಗಳನ್ನು ಪುಟ್ಟ ಚೀಲಕ್ಕೆ ತುರುಕಿಕೊಂಡು ಒಬ್ಬನೇ ಹೊರಟ. ಅವನು ಬೀದಿಯ ತಿರುವು ದಾಟಿದನೋ ಇಲ್ಲವೋ, ಇತ್ತ ಮನೆಯಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. “ಸಾಕು. ಇವತ್ತು ಹೋಗಿ ಕರ್ಕೊಂಡೇ ಬರ್ತೀನಿ. ಯಾರ ಮನೆ ಎಂಜಲೂ ಬೇಡ ನಮಗೆ.” ಭಾಮೈದ ಇಲಾಖೆಯ ಜೀಪು ತಂದ. ಅತ್ತೆ ಹತ್ತಿದರು. ಕರೆಯದಿದ್ದರೂ ಹೊಲಿಗೆಯಾಕೆ ಹತ್ತಿದಳು. ಕರಿ ಕೋಟಿನವರು ಯಾವ ಕಡೆ ಹೋದರೆಂದು ದಾರಿಯುದ್ದಕ್ಕೂ ಕೇಳುತ್ತ ಜೀಪು ಹೊರಟಿತು.

ಲಾಡ್ಜಿನ ಬಾಗಿಲ ಹೊರಗೆ ಬಿಚ್ಚುಗತ್ತಿ ಹಿಡಿದ ಕಾವಲಿನ ಸಹೋದರನೊಬ್ಬ ಕೂರುವುದು ಹಿಂದಿನಿಂದ ಬಂದ ಪದ್ಧತಿ. ಇಲ್ಲಿ ಆ ಕೆಲಸ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು.

“ಯಾರು ನೀವು?”

“ಹೇಳೋ ಹಾಗಿಲ್ಲ ಸಾರ್.”

“ಯಾವ ಲಾಡ್ಜಿನವರು?”

“ಅದೂ ಹೇಳೋ ಹಾಗಿಲ್ಲ.”

“ಪದ ಗೊತ್ತಾ?”

“ಅಯ್ಯೋ, ಅದಂತೂ ಪ್ರಾಣ ಹೋದ್ರೂ ಹೇಳಲ್ಲ.”

ಮೇಷ್ಟ್ರು ಮುಲಾಮಿನ ಡಬ್ಬಿ ಮುಚ್ಚಿದರು. “ಅಲ್ರೀ, ನೀವು ಮೇಸನ್ನೋ ಅಲ್ವೋ? ಅದನ್ನಾದ್ರೂ ಹೇಳಿ.”

“ಹೌದು ಅಂದ್ರೆ ಗುಟ್ಟು ಬಿಟ್ಟ ಹಾಗಾಯ್ತು. ಅಲ್ಲ ಅಂದ್ರೆ ಸುಳ್ಳು ಹೇಳಿದ ಹಾಗಾಯ್ತು. ಎರಡಕ್ಕೂ ನನ್ನಿಂದ ಆಗಲ್ಲ.”

ಇಷ್ಟು ವರ್ಷದ ಕಾವಲಿನಲ್ಲಿ ಮೇಷ್ಟ್ರು ಗುಟ್ಟು ಕದಿಯಲು ಬಂದವರನ್ನು ಹಿಡಿದಿದ್ದರು. ತಮ್ಮಿಂದಲೇ ಗುಟ್ಟು ಕಾಪಾಡಲು ಬಂದವನನ್ನು ನೋಡಿರಲಿಲ್ಲ. ಒಳಗೆ ಸಭೆ ಆಗಲೇ ಶುರುವಾಗಿತ್ತು. ಅವರು ಕತ್ತಿಯ ತುದಿಯಲ್ಲಿ ಓಣಿಯ ಕಡೆ ತೋರಿಸಿ, “ಆ ಪಕ್ಕದ ಬಾಗಿಲಲ್ಲಿ ಹೋಗಿ ಬೆಂಚಿನ ಮೇಲೆ ಕೂತಿರಿ. ಸಭೆ ಮುಗಿದ ಮೇಲೆ ವಿಚಾರಿಸೋಣ” ಎಂದರು.

ಪಕ್ಕದಲ್ಲಿ ಎರಡು ಬಾಗಿಲುಗಳಿದ್ದವು. ನಲ್ಲಿಭಾವ ಅಡುಗೆಮನೆಯದನ್ನು ತಳ್ಳಿದ.

ಒಳಗೆ ಹಬೆ, ಪಾತ್ರೆಗಳ ಸದ್ದು. ಊಟದ ಗುತ್ತಿಗೆ ಹಿಡಿದಿದ್ದ ದಪ್ಪ ಮನುಷ್ಯ, ಬರಬೇಕಾದ ಹುಡುಗರಲ್ಲಿ ಅರ್ಧ ಜನ ಕೈಕೊಟ್ಟರೆಂದು ಕೂಗಾಡುತ್ತಿದ್ದ. ಕರಿ ಕೋಟಿನವನನ್ನು ಕಂಡು ಅವನ ಮುಖ ಅರಳಿತು.

“ಈಗ ಬರೋದೇನಯ್ಯಾ? ಏಪ್ರನ್ ಇದೆಯಾ?”

ಪರೀಕ್ಷೆ ಶುರುವಾಯಿತೆಂದು ನಲ್ಲಿಭಾವನಿಗೆ ಹೊಳೆಯಿತು. ಬೆನ್ನು ನೆಟ್ಟಗೆ ಮಾಡಿ ಏಪ್ರನ್ನು ತೆಗೆದು ತೋರಿಸಿದ.

“ಇದೇನು, ಮಗೂದಿದ್ದ ಹಾಗಿದೆ! ಇರಲಿ. ಹೊಸಬನಾ?”

“ಮೊದಲನೇ ಮೆಟ್ಟಿಲು. ಇನ್ನೂ ಒರಟು ಕಲ್ಲು.”

“ನೋಡಿದ್ರೇ ಗೊತ್ತಾಗುತ್ತೆ. ಕಳಿಸಿದ್ದು ಯಾರು?”

“ಹಲ್ಲಿನ ಡಾಕ್ಟರು.”

“ಅವರೂ ಇದೇ ದಂಧೆಗಿಳಿದ್ರಾ? ಸರಿ, ಕೈ ತೋರಿಸು. ಉಗುರು ಚೊಕ್ಕವಾಗಿದೆ. ಮೊದಲು ಆ ಆಲೂಗಡ್ಡೆ ಸುಲಿ.”

ಎಂಥ ಅರ್ಥಗರ್ಭಿತ ಪರೀಕ್ಷೆ! ಒರಟನ್ನು ತೆಗೆದು ನಯ ಮಾಡುವುದು! ನಲ್ಲಿಭಾವ ಏಪ್ರನ್ನು ಕಟ್ಟಿಕೊಂಡು, ಕಣ್ಣು ಅರೆಮುಚ್ಚಿ, ತನ್ನ ಅಂತರಂಗವನ್ನೇ ಸುಲಿಯುತ್ತಿರುವವನಂತೆ ಒಂದು ಬುಟ್ಟಿ ಆಲೂಗಡ್ಡೆ ಸುಲಿದ. ಆಮೇಲೆ ಗುತ್ತಿಗೆದಾರ ಅವನ ಕೈಗೆ ಸೂಪಿನ ಬಟ್ಟಲುಗಳ ಟ್ರೇ ಕೊಟ್ಟು, “ಮಟ್ಟವಾಗಿ ಹಿಡಿ, ಒಂದು ಹನಿ ಚೆಲ್ಲಬಾರದು” ಎಂದ. ಮಟ್ಟ! ಸಮಾನತೆಯ ಗುರುತು! ಸಂಘದವರು ಒಂದೊಂದು ವಸ್ತುವಿನಲ್ಲೂ ತತ್ವವನ್ನು ಹೇಗೆ ಅಡಗಿಸಿದ್ದಾರೆ ಎಂದು ಅವನ ಕಣ್ಣು ಹನಿಗೂಡಿತು. ಗುತ್ತಿಗೆದಾರ ಅದಕ್ಕೆ ಪಕ್ಕದಲ್ಲಿ ಹೆಚ್ಚುತ್ತಿದ್ದ ಈರುಳ್ಳಿಯೇ ಕಾರಣವೆಂದುಕೊಂಡ.

ಸಭೆ ಮುಗಿದು ಸಹೋದರರೆಲ್ಲ ಏಪ್ರನ್ ಬಿಚ್ಚಿಟ್ಟು ಊಟದ ಮೇಜಿಗೆ ಬಂದು ಕೂತಿದ್ದರು. ಧರ್ಮ, ರಾಜಕೀಯ ಎರಡನ್ನೂ ಅಲ್ಲಿ ಎತ್ತಬಾರದೆಂಬ ಹಳೆಯ ಕಟ್ಟಳೆಯಿದೆ. ಆದ್ದರಿಂದ ಆ ವಿದ್ಯಾವಂತ ಮಂಡಲಿ ಮಂಡಿನೋವು, ಸಕ್ಕರೆ ಕಾಯಿಲೆ ಮತ್ತು ಹೊಟ್ಟೆಯುಬ್ಬರಗಳ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಿತ್ತು. ತುದಿಯಲ್ಲಿ ಅಧ್ಯಕ್ಷರು, ಒಬ್ಬ ನಿವೃತ್ತ ನ್ಯಾಯಾಧೀಶರು. ಅವರ ಬಲಕ್ಕೆ, ಒಂದು ಖಾಲಿ ಕುರ್ಚಿಯ ಆಚೆ, ಮಾಲೀಕರು, ಅದೇ ಉಂಗುರ.

ನ್ಯಾಯಾಧೀಶರು ಎದ್ದು ನಿಂತರು. “ಸಹೋದರರೇ, ಹೊರಗೆ ನಾವು ಏನಾದರೂ ಆಗಿರಬಹುದು. ಈ ಸೂರಿನಡಿ ಮೇಲಿಲ್ಲ, ಕೀಳಿಲ್ಲ. ರಸಮಟ್ಟದ ಗುಳ್ಳೆ ನಡುವೆ ನಿಂತ ಹಾಗೆ ನಾವೆಲ್ಲ ಸಮ.” ಹೀಗೆಂದು, ಪಕ್ಕದಲ್ಲಿ ಜಗ್ಗು ಹಿಡಿದು ನಿಂತವನ ಕಡೆ ನೋಡದೆಯೇ ಬೆರಳಿನಿಂದ ಖಾಲಿ ಲೋಟವನ್ನು ಟಕಟಕ ಬಡಿದರು. ನಲ್ಲಿಭಾವ ನೀರು ತುಂಬಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜಗ್ಗು ಹಿಡಿದಿದ್ದರಿಂದ ಅವನಿಗೆ ತಟ್ಟಲಾಗಲಿಲ್ಲ.

“ಬ್ರೆಡ್ಡು!” ಎಂದರು ಮಾಲೀಕರು, ತಲೆಯೆತ್ತದೆ.

ಗಳಿಗೆ ಕೂಡಿ ಬಂತು. ನಲ್ಲಿಭಾವ ಬ್ರೆಡ್ಡಿನ ಚೂರನ್ನು ತಟ್ಟೆಗೆ ಹಾಕದೆ ನೇರವಾಗಿ ಮಾಲೀಕರ ಅಂಗೈಗೆ ಇಟ್ಟು, ಆ ನೆಪದಲ್ಲಿ ಕೈ ಹಿಡಿದು, ಬೆರಳಿನ ಗೆಣ್ಣನ್ನು ಒತ್ತಿದ. ಮಾಲೀಕರು ಬೆಚ್ಚಿ ಮೇಲೆ ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮುಖ ನೋಡಿದರು.

“ನೀನು... ನಮ್ಮ ಅಂಗಡಿಯವನಲ್ವಾ? ಬೇಸಿನ್ನು?”

“ನಲ್ಲಿ ಸಾರ್.”

“ಹಗಲು ನನ್ನ ಸಂಬಳ, ಸಂಜೆ ಇಲ್ಲಿ ಚಾಕರೀನಾ? ಬೇರೆ ಕೆಲಸ ಮಾಡಬಾರದು ಅಂತ ನಿಯಮ ಇಲ್ವಾ? ಸಾಲದ್ದಕ್ಕೆ ಕೈ ಬೇರೆ ಹಿಸುಕ್ತೀಯಾ!”

ಇದೂ ಪರೀಕ್ಷೆಯೋ ಏನೋ ಎಂದು ನಲ್ಲಿಭಾವ ಯೋಚಿಸುತ್ತಿರುವಾಗ ಹೊರಗೆ ಗಲಾಟೆಯೆದ್ದಿತು. “ಹೆಂಗಸರಿಗೆ ಪ್ರವೇಶವಿಲ್ಲ ತಾಯಿ, ಹಳೇ ಕಟ್ಟಳೆ!” ಎಂದು ಮೇಷ್ಟ್ರು ಕೂಗುತ್ತಿದ್ದರು. “ಮೊದ್ಲು ಆ ಕತ್ತಿ ಸಾಣೆ ಹಿಡಿಸು, ಕುಂಬಳಕಾಯಿ ಹೆಚ್ಚೋಕೂ ಬರಲ್ಲ ಇದು!” ಎಂದದ್ದು ಅತ್ತೆಯ ದನಿ. ಬಾಗಿಲು ದಢಾರನೆ ತೆರೆಯಿತು. ಹೆಂಡತಿ, ಅತ್ತೆ, ಹೊಲಿಗೆಯಾಕೆ, ಅವರ ಹಿಂದೆ ಇಲಾಖೆಯ ಗುರುತುಚೀಟಿ ಎತ್ತಿ ಹಿಡಿದ ಭಾಮೈದ. ಎಲ್ಲರ ಕಣ್ಣೂ ಏಪ್ರನ್ ಕಟ್ಟಿ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತ ನಲ್ಲಿಭಾವನ ಮೇಲೆ ಬಿತ್ತು.

“ನೋಡಿದ್ರಾ!” ಎಂದಳು ಹೊಲಿಗೆಯಾಕೆ. ತನ್ನ ಮಾತು ನಿಜವಾದ ಖುಷಿಯನ್ನು ಮುಚ್ಚಿಡಲು ಅವಳಿಂದಾಗಲಿಲ್ಲ.

ಹೆಂಡತಿ ಮಾಲೀಕರ ಮುಂದೆ ಹೋಗಿ ನಿಂತಳು. “ನೀವಾ? ಹಗಲು ಅಂಗಡೀಲಿ ನಿಲ್ಲಿಸಿದ್ದು ಸಾಲದಾ ನಿಮಗೆ? ನಿಂತು ನಿಂತು ಇವರ ಕಾಲು ಹೇಗೆ ಊದಿದೆ ಗೊತ್ತಾ? ಇಷ್ಟು ವರ್ಷದಲ್ಲಿ ಕೂರೋಕೆ ಒಂದು ಸ್ಟೂಲು ಕೊಟ್ಟಿದ್ದೀರಾ?”

ನ್ಯಾಯಾಧೀಶರು ನಿಧಾನವಾಗಿ ಬಲಕ್ಕೆ ತಿರುಗಿದರು. “ಸ್ಟೂಲೂ ಇಲ್ವಾ?” ಎಂದು ಹಳೆಯ ಕೋರ್ಟಿನ ದನಿಯಲ್ಲಿ ಕೇಳಿದರು. ಸಮಾನತೆಯ ಮೇಲೆ ಆಗ ತಾನೇ ಚಪ್ಪಾಳೆ ತಟ್ಟಿದ್ದವರೆಲ್ಲ ಮಾಲೀಕರನ್ನು ನೋಡಿದರು. ಮಾಲೀಕರು ಬೆವರೊರೆಸಿಕೊಳ್ಳುತ್ತ, “ಇವನು ನನ್ನ ಕೈ ವಿಚಿತ್ರವಾಗಿ ಒತ್ತಿದ. ನಮ್ಮವನೇ ಇರಬಹುದಾ ಅಂತ ಅನುಮಾನ” ಎಂದು ಮಾತು ತಿರುಗಿಸಿದರು.

ನ್ಯಾಯಾಧೀಶರು ಎದ್ದರು. “ಹೇಳಪ್ಪಾ. ನೀನು ನಮ್ಮ ಸಹೋದರನೋ, ಬಡಿಸೋಕೆ ಬಂದವನೋ? ಸಹೋದರನಾದರೆ ಈ ಕ್ಷಣ ಬಂದು ನಮ್ಮ ಪಕ್ಕ ಕೂತುಕೋ.”

ಪಕ್ಕದಲ್ಲಿ ಕುರ್ಚಿಯಿತ್ತು. ಅದರ ಆಚೆ ಮಾಲೀಕರು. ಅವರಾಚೆ, ನಲ್ಲಿಭಾವನ ಮನಸ್ಸಿನ ಕಣ್ಣಿಗೆ, ಗಾಜಿನ ಕೋಣೆ. ಒಂದು ಮಾತು ಸಾಕಿತ್ತು. ಆದರೆ ಎದುರಿಗೆ ಹೆಂಡತಿ, ಅತ್ತೆ, ಭಾಮೈದ, ಹೊಲಿಗೆಯಾಕೆ; ಇವರ ಕಿವಿಗೆ ಬಿದ್ದದ್ದು ಬೆಳಗಾಗುವುದರೊಳಗೆ ಹಾಲಿನವನಿಗೂ ಗೊತ್ತು. ಅವನು ಬ್ರೆಡ್ಡಿನ ಬುಟ್ಟಿಯನ್ನು ಎದೆಗೆ ಅವಚಿಕೊಂಡ.

“ನಾನು ಬಡಿಸೋನು ಸಾರ್. ಸಂಘ ಗಿಂಘ ಏನೂ ಗೊತ್ತಿಲ್ಲ.”

ಹೆಂಡತಿ ಗೊಳೋ ಎಂದಳು. ಮಾಲೀಕರು ನೆಮ್ಮದಿಯ ಉಸಿರು ಬಿಟ್ಟರು. ಅಷ್ಟರಲ್ಲಿ ಹಲ್ಲಿನ ಡಾಕ್ಟರು ತೋಳಿನ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದರು.

“ಸಾರಿ, ಆ ಹಲ್ಲು ಬರಲೇ ಇಲ್ಲ... ಅರೆ, ಬ್ರದರ್! ಇದೇನು ಬುಟ್ಟಿ ಹಿಡಿದು ನಿಂತಿದ್ದೀರಿ?”

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಡಾಕ್ಟರು ತಲೆ ಚಚ್ಚಿಕೊಂಡರು. “ಅಲ್ರೀ, ಪದ, ಸನ್ನೆ, ಕೈಕುಲುಕು ಅಷ್ಟೇ ಗುಟ್ಟು ಅಂತ ಬಿಡಿಸಿ ಹೇಳಿರಲಿಲ್ವಾ? ಮೇಸನ್ ಅಂತ ಹೆಂಡತಿಗೆ ಹೇಳಬಹುದು, ಬೋರ್ಡು ಬರೆಸಿ ಮನೆ ಮುಂದೆ ಹಾಕಬಹುದು!”

“ನಾನು ಒಂದು ಸುತ್ತು ಜಾಸ್ತಿ...” ಎಂದು ನಲ್ಲಿಭಾವ ತೊದಲಿದ.

“ಇಂಥ ನಿಷ್ಠೆ!” ಎಂದರು ನ್ಯಾಯಾಧೀಶರು. “ಪೀಠದ ಪಕ್ಕದ ಜಾಗ ಬಂದರೂ ಬಾಯಿ ಬಿಡಲಿಲ್ಲ.” ಅವರು ಮಾಲೀಕರ ಕಡೆ ತಿರುಗಿದರು. “ಅಪ್ಪಿಕೊಳ್ಳಿ ನಿಮ್ಮ ಸಹೋದರನನ್ನ. ಬ್ರದರ್ ಅನ್ನಿ.”

ಮಾಲೀಕರು ಎದ್ದರು, ತಮ್ಮ ಕೋಟಿಗೂ ಅವನ ಏಪ್ರನ್ನಿಗೂ ನಡುವೆ ಎಚ್ಚರಿಕೆಯ ಅಂತರವಿಟ್ಟು ಅಪ್ಪಿಕೊಂಡರು. “ಬ್ರ...” ಎಂದ ಕೂಡಲೇ ಗಂಟಲಲ್ಲಿ ಬ್ರೆಡ್ಡು ಸಿಕ್ಕಿ ಕೆಮ್ಮು ಬಂತು. ನೀರು ಕುಡಿದು ಇನ್ನೊಮ್ಮೆ “ಬ್ರ...” ಎಂದರು. ಮತ್ತೆ ಕೆಮ್ಮು. ಹೋಗಲಿ ಬಿಡಿ ಎಂದು ಎಲ್ಲರೂ ಸೇರಿ ನಲ್ಲಿಭಾವನನ್ನು ಕುರ್ಚಿಯಲ್ಲಿ ಕೂರಿಸಿದರು. ಅವನ ಮುಂದೆ ಚೊಕ್ಕ ತಟ್ಟೆಯೊಂದನ್ನಿಟ್ಟರು. ಅದು ಕೊನೆಯವರೆಗೂ ಖಾಲಿಯೇ ಇತ್ತು, ಏಕೆಂದರೆ ಆ ಸಾಲಿಗೆ ಬಡಿಸಬೇಕಾದವನು ಅದರ ಮುಂದೆ ಕೂತಿದ್ದ.

ಜೀಪಿನಲ್ಲಿ ಹಿಂತಿರುಗುವಾಗ ಅವನು ಕೈವಾರದಿಂದ ಹಿಡಿದು ಕುರಿಮರಿಯವರೆಗೆ ಎಲ್ಲವನ್ನೂ ಹೇಳಿದ. ಹೆಂಡತಿ ಅವನ ಕೈಯನ್ನು ಮೃದುವಾಗಿ ತಟ್ಟಿದಳು. “ಇರಲಿ ಬಿಡ್ರೀ. ದುಡಿಯೋಕೆ ಯಾಕೆ ನಾಚಿಕೆ?”

“ಅಲ್ಲ ಕಣೇ, ನಿಜವಾಗ್ಲೂ...”

“ದೊಡ್ಡ ಮನುಷ್ಯರು ನಿಮ್ಮ ಮಾನ ಉಳಿಸೋಕೆ ಹಾಗಂದ್ರು” ಎಂದಳು ಹಿಂದಿನ ಸೀಟಿನಿಂದ ಹೊಲಿಗೆಯಾಕೆ. “ಕಲ್ಲು ಕಡಿಯೋರ ಸಂಘ ಅಂತೆ. ಆ ಜಡ್ಜು ಕಲ್ಲು ಕಡಿಯೋ ಹಾಗಿದ್ರಾ?”

ಸೋಮವಾರ ನಲ್ಲಿ ವಿಭಾಗಕ್ಕೆ ಒಂದು ಸ್ಟೂಲು ಬಂತು. ಅದರ ಒಂದು ಕಾಲು ಗಿಡ್ಡ. ಕೂತರೆ ಒಂದು ಕಡೆಗೆ ವಾಲುತ್ತಿದ್ದುದರಿಂದ ನಲ್ಲಿಭಾವ ಅದರ ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದ. ಬುಧವಾರ ಮ್ಯಾನೇಜರ ನೇಮಕದ ಸುದ್ದಿ ಬಂತು. ಮಾಲೀಕರ ತಂಗಿಯ ಮಗ. ನಲ್ಲಿಯನ್ನು ಎಡಕ್ಕೆ ತಿರುಗಿಸಿದರೆ ನೀರು ಬರುತ್ತದೋ ಬಲಕ್ಕೋ ಎಂದು ಆತ ಇನ್ನೂ ಕಲಿಯಬೇಕಿತ್ತು. ಯಾವ ಲಾಡ್ಜಿನ ಸಹೋದರನೂ ಆಗಿರದಿದ್ದರೂ ಅವನ ತಾಯಿಗೆ ಒಬ್ಬ ಅಣ್ಣನಿದ್ದರಲ್ಲ, ಅದೇ ಸಾಕಾಯಿತು. ನಲ್ಲಿಭಾವನಿಗೆ ದುಃಖವಾಯಿತು. ಅದನ್ನು ಮರೆಮಾಚಲು ಗೋಡೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ಒರೆಸಿದ. ಅವನ ಮುಖ ಅವುಗಳಲ್ಲೆಲ್ಲ ಸೊಟ್ಟಗೆ ಕಾಣುತ್ತಿತ್ತು.

ಶುಕ್ರವಾರ ಮಾಲೀಕರು ಖುದ್ದಾಗಿ ಮೆಟ್ಟಿಲು ಹತ್ತಿ ನಲ್ಲಿ ವಿಭಾಗಕ್ಕೆ ಬಂದರು. ಹಿಂದಿನ ಗೋಡೆಯನ್ನಲ್ಲ, ಅವನನ್ನೇ ನೋಡಿದರು. ಸುತ್ತ ಗಿರಾಕಿಗಳಿದ್ದರು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

“ನಾಳೆ ಸಂಜೆ ಮನೇಲಿ ಒಂದು ಚಿಕ್ಕ ಪಾರ್ಟಿ. ಸೋದರಳಿಯ ಮ್ಯಾನೇಜರ್ ಆದ ಅಂತ” ಎಂದರು. “ಅವತ್ತು ಎಷ್ಟು ಅಚ್ಚುಕಟ್ಟಾಗಿ ಬಡಿಸಿದೆ ನೀನು, ಒಂದು ಹನಿ ಚೆಲ್ಲಲಿಲ್ಲ. ಸ್ವಲ್ಪ ಬೇಗ ಬಂದುಬಿಡು. ಆ ಏಪ್ರನ್ ಮರೀಬೇಡ, ಬ್ರದರ್.”

ಈ ಸಲ ಕೆಮ್ಮು ಬರಲಿಲ್ಲ. ಮಾತು ಎಣ್ಣೆ ಹಾಕಿದ ನಲ್ಲಿಯ ಹಾಗೆ ಸಲೀಸಾಗಿ ಬಂತು. ನಲ್ಲಿಭಾವ ಬಾಯಿ ತೆರೆದ. ಏನೇನೋ ಹೇಳಬೇಕೆಂದಿದ್ದ. ಬಾಯಿಂದ ಬಂದದ್ದು “ಆಗ್ಲಿ ಸಾರ್” ಎಂಬುದಷ್ಟೇ.

ಶನಿವಾರ ಸಂಜೆ ಅವನು ಕರಿ ಕೋಟು ತೊಟ್ಟು ಚೀಲ ಹಿಡಿದು ಹೊರಟಾಗ ಹೆಂಡತಿ ಬಾಗಿಲಿಗೆ ಬಂದಳು. ಏಪ್ರನ್ನನ್ನು ಅವಳೇ ಒರೆಸಿ ಮಡಿಸಿ ಇಟ್ಟಿದ್ದಳು.

“ಇವತ್ತು ಎಲ್ಲಿಗೆ ರೀ?”

ನಲ್ಲಿಭಾವ ಚಪ್ಪಲಿಯ ಕಡೆ ನೋಡುತ್ತ ನಿಂತ. ಮನುಷ್ಯನಿಗೆ ಕೊನೆಗೂ ಒಂದು ನಿಜವಾದ ಗುಟ್ಟು ಸಿಕ್ಕಿತ್ತು.

“ಲಾಡ್ಜಿಗೆ ಕಣೇ” ಎಂದ. “ಸಂಘದ ಸಭೆ ಇದೆ.”

“ಹೂಂ, ಹೂಂ. ಹೋಗಿ ಬನ್ನಿ” ಎಂದು ಹೆಂಡತಿ ಒಳಗೆ ಹೋಗಿ, ತೊಳೆದಿಟ್ಟಿದ್ದ ಊಟದ ಕ್ಯಾರಿಯರನ್ನು ತಂದು ಅವನ ಇನ್ನೊಂದು ಕೈಗೆ ಕೊಟ್ಟಳು. “ಸಭೇಲಿ ಏನಾದ್ರೂ ಉಳಿದ್ರೆ ಇದರಲ್ಲಿ ಹಾಕಿಸ್ಕೊಂಡು ಬನ್ನಿ.”